ಖಂಡೇನವಮಿಯ ಸಹಿ

ಈರಬಸಪ್ಪ ಮೈಕ್ರೋಮೀಟರನ್ನು ಎಣ್ಣೆ ಅರಿವೆಯಿಂದ ಒರೆಸಿ ಹೆಂಡತಿಯ ಕೈಗೆ ಕೊಟ್ಟ. ಭೀಮವ್ವ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮವಿಟ್ಟು ಮಣೆಯ ಮೇಲಿಟ್ಟಳು. ಆಮೇಲೆ ವರ್ನಿಯರ್, ಆಮೇಲೆ ಡಯಲ್ ಗೇಜು, ಹೀಗೆ ಅಳತೆಯ ಹತಾರಗಳೆಲ್ಲ. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಈ ಕೆಲಸ ಮಾಡುವಾಗ ಅವನು ಏನಾದರೂ ಗುನುಗುತ್ತಿದ್ದ. 1997ರ ಈ ಹಬ್ಬಕ್ಕೆ ಗುನುಗುವುದನ್ನು ಮರೆತು ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಭೋಸರಿಯ ಕೈಗಾರಿಕಾ ವಸಾಹತಿನಲ್ಲಿದ್ದ ಅವನ ಸಣ್ಣ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ ತುಂಬ ಉಕ್ಕಿನ ರಿಂಗುಗಳು ಸಿದ್ಧವಾಗಿದ್ದವು. ಹಲವು ವರ್ಷಗಳಿಂದ ಮಾಲು ಕೊಳ್ಳುತ್ತಿದ್ದ ದುಬೈ ಕಂಪನಿಯೊಂದರ ಆರ್ಡರು. ನೀರಿನ ಪಂಪಿಗೆ ಎಂದು ಹೇಳಿದ್ದರು. ಅವು ಪಂಪಿಗಲ್ಲ, ಗಡಿಯಾಚೆ ಅಣುಬಾಂಬಿನ ಸರಕು ತಯಾರಿಸುವ ಯಂತ್ರಗಳಿಗೆ ಎಂದು ದಿಲ್ಲಿಯ ಗುಪ್ತಚರ ಅಧಿಕಾರಿ ರಘುರಾಮ ಬಂದು ತಿಳಿಸಿದ ದಿನದಿಂದ ಈರಬಸಪ್ಪನಿಗೆ ನಿದ್ದೆ ಹತ್ತಿರಲಿಲ್ಲ.

"ಆರ್ಡರ್ ಬಿಡಬೇಡಿ, ಬಿಟ್ರೆ ಬೇರೆ ಯಾರಾದ್ರೂ ಮಾಡಿ ಕೊಡ್ತಾರೆ," ಎಂದಿದ್ದ ರಘುರಾಮ. "ನೀವೇ ಮಾಡಿ. ಒಂದು ಬದಿ ಕೂದಲೆಳೆಯಷ್ಟು ಹೆಚ್ಚು ದಪ್ಪ ಇರ್ಲಿ. ಜೋರಾಗಿ ತಿರುಗುವಾಗ ಯಂತ್ರ ತಾನೇ ಚೂರಾಗ್ತದೆ."

ಕಂಪನಿಯ ಪರವಾಗಿ ಮಾಲು ನೋಡಲು ಬರುವ ಇಂಜಿನಿಯರ್ ಯಾಸಿರ್ ಪ್ರತಿಯೊಂದು ರಿಂಗನ್ನೂ ಈರಬಸಪ್ಪನ ಮೈಕ್ರೋಮೀಟರಿನಿಂದ ಅಳೆದೇ ಸಹಿ ಹಾಕುತ್ತಿದ್ದ. ಅದಕ್ಕೂ ರಘುರಾಮ ದಾರಿ ಹುಡುಕಿದ್ದ: ಅವನನ್ನು ಖಂಡೇನವಮಿಯ ದಿನವೇ ಕರೆಸುವುದು. ಪೂಜೆಗಿಟ್ಟ ಹತಾರವನ್ನು ಮರುದಿನ ಬೆಳಗಿನ ತನಕ ಯಾರೂ ಮುಟ್ಟುವುದಿಲ್ಲ.

"ಆ ಮನುಷ್ಯಾಗ ಏನೂ ಆಗಂಗಿಲ್ಲಲ್ರಿ?" ಎಂದು ಈರಬಸಪ್ಪ ಕೇಳಿದ್ದ.

"ಸಹಿ ಹಾಕಿದವನಿಗೆ ಏನಾಗ್ತದೆ ಮಾರಾಯ್ರೆ? ಹೆಚ್ಚಂದ್ರೆ ಕೆಲಸ ಹೋದೀತು."

ಯಾಸಿರ್ ಊಟದ ಹೊತ್ತಿಗೆ ಬಂದ. ವರ್ಕ್‌ಶಾಪಿನ ಹಿಂದಿನ ಎರಡು ಕೋಣೆಗಳೇ ಮನೆ. ಗಂಡನ ಹೊಟ್ಟೆಯಲ್ಲಿದ್ದುದು ಭೀಮವ್ವನಿಗೆ ತಿಳಿಯದು. ಅವಳು ಸಂಭ್ರಮದಿಂದ ಹೋಳಿಗೆ ಬಡಿಸಿ, ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು: "ಭಾಳ ಸೊರಗೀರಲ್ರಿ ಭೈಯಾ, ಹೆಂಡತಿ ಊಟಕ್ಕ ಹಾಕೂದಿಲ್ಲೇನು?"

"ಹಾಕುತ್ತಾಳೆ ಭಾಭಿ. ನಿಮ್ಮ ಹಾಗೆ ತುಪ್ಪ ಸುರಿಯುವುದಿಲ್ಲ."

ಕೈ ತೊಳೆದು ಬಂದವನೇ ಯಾಸಿರ್ ಪೆಟ್ಟಿಗೆಯಿಂದ ಒಂದು ರಿಂಗು ಎತ್ತಿಕೊಂಡು ಮಣೆಯ ಮೇಲಿದ್ದ ಮೈಕ್ರೋಮೀಟರಿಗೆ ಕೈ ಚಾಚಿದ. ಅವನನ್ನು ತಡೆಯುವ ಮಾತನ್ನು ಈರಬಸಪ್ಪ ಬಾಯಿಪಾಠ ಮಾಡಿಟ್ಟುಕೊಂಡಿದ್ದ. ಆದರೆ ತಡೆದವಳು ಭೀಮವ್ವ.

"ಇವತ್ತ ಮುಟ್ಟಬಾರದ್ರಿ ಭೈಯಾ. ವರ್ಷಪೂರ್ತಿ ದುಡದಾವ, ಇದೊಂದ ದಿನ ಅವಕ್ಕ ಸೂಟಿ. ನಾಳೆ ಮುಂಜಾನೆ ಬರ್ರಿ."

ಯಾಸಿರ್ ಕೂಡಲೇ ಕೈ ಹಿಂದೆ ತೆಗೆದು, "ಮಾಫ್ ಮಾಡಿ ಭಾಭಿ," ಎಂದ. ಅಂದೇ ಮುಂಬಯಿಯಿಂದ ಅವನ ವಿಮಾನವಿತ್ತು. ರಿಂಗನ್ನು ಬೆರಳ ಮೇಲೆ ತಿರುಗಿಸಿ ನೋಡಿದ. ಆಮೇಲೆ ಈರಬಸಪ್ಪನ ಮುಖ ನೋಡಿದ. "ಇಷ್ಟು ವರ್ಷದಲ್ಲಿ ನಿಮ್ಮ ಒಂದು ರಿಂಗೂ ವಾಪಸು ಬಂದಿಲ್ಲ. ಪೂಜೆ ಕೆಡಿಸಿ ಅಳೆಯುವಂಥದ್ದೇನಿದೆ?" ಎಂದು ಜೇಬಿನಿಂದ ಪೆನ್ನು ತೆಗೆದ. ಆಗಲೂ ಹೇಳಬಹುದಿತ್ತು. ಸಹಿಯ ಮಸಿ ಆರುವ ತನಕವೂ ಹೇಳಬಹುದಿತ್ತು. ಈರಬಸಪ್ಪ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆದ.

ಸಂಕ್ರಾಂತಿ ಕಳೆದ ಮೇಲೆ ರಘುರಾಮ ಲೋಣಾವಳಾದ ಚಿಕ್ಕಿ ಹಿಡಿದುಕೊಂಡು ಬಂದ. "ಯಂತ್ರ ಎಲ್ಲ ಚೂರು," ಎಂದು ದನಿ ತಗ್ಗಿಸಿ ಹೇಳಿದ. "ಇನ್ನು ಕೆಲವು ವರ್ಷ ಅವರು ಏಳುವುದಿಲ್ಲ. ಎಷ್ಟು ಜನರ ಜೀವ ಉಳಿಸಿದ್ರಿ ನೀವು, ಗೊತ್ತುಂಟಾ?"

"ಯಾಸಿರ್ ಹೆಂಗದಾನ್ರಿ?"

ರಘುರಾಮ ಚಿಕ್ಕಿ ಪೊಟ್ಟಣದ ದಾರ ಬಿಚ್ಚತೊಡಗಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಒಳಗಿಂದ ಬಂದು ಎತ್ತಿಕೊಂಡ ಭೀಮವ್ವ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ರಿಸೀವರಿಗೆ ಸೆರಗು ಅಡ್ಡ ಹಿಡಿದು ಗಂಡನ ಕಡೆ ತಿರುಗಿದಳು.

"ಯಾಸಿರ್ ಭೈಯಾನ ಹೆಂಡತಿ. ಅಲ್ಲಿ ಮಿಲಿಟ್ರಿಯವರು ಅವರನ್ನ ಹಿಡಕೊಂಡು ಹೋಗ್ಯಾರಂತ್ರಿ. ರೊಕ್ಕ ತಿಂದು ಕೆಟ್ಟ ಮಾಲಿಗೆ ಸಹಿ ಮಾಡ್ಯಾರ ಅಂತಾರಂತ. ಆ ದಿನ ಪೂಜಿ ಇತ್ತು, ಅಳೀಲಿಕ್ಕೆ ಆಗಲಿಲ್ಲ ಅಂದ್ರ ಒಬ್ಬರೂ ನಂಬವಲ್ರಂತ. ಗಲ್ಲಿಗೆ ಹಾಕ್ತಾರಂತ್ರಿ."

ಈರಬಸಪ್ಪ ಎದ್ದ. ರಘುರಾಮ ಅವನ ತೋಳು ಹಿಡಿದ. "ಏನೂ ಹೇಳಬೇಡಿ. ಆ ದಿನವೇ ಯಾಕೆ ಕರೆಸಿದ್ರು ಅಂತ ಅಲ್ಲಿ ಪ್ರಶ್ನೆ ಶುರುವಾಗ್ತದೆ. ಇಂಥದೇ ಮಾಲು ಇನ್ನೂ ಎರಡು ಕಡೆಯಿಂದ ಹೋಗ್ತಾ ಉಂಟು. ನೀವು ಒಂದು ಮಾತು ಆಡಿದ್ರೆ ಎಲ್ಲ ಹಾಳು."

ಭೀಮವ್ವ ರಘುರಾಮನನ್ನು ನೋಡಿದಳು, ಅವನು ಹಿಡಿದ ಗಂಡನ ತೋಳನ್ನು ನೋಡಿದಳು. ಅವಳ ಮುಖದಲ್ಲಿ ಒಂದೊಂದಾಗಿ ಎಲ್ಲವೂ ತಿಳಿಯುತ್ತ ಹೋಗುವುದನ್ನು ಈರಬಸಪ್ಪ ನಿಂತು ನೋಡಿದ. ಯಾರ ಮಾತಿಗೆ ಯಾಸಿರ್ ಕೈ ಹಿಂದೆ ತೆಗೆದಿದ್ದ ಎಂಬುದೂ ಕೊನೆಗೆ ತಿಳಿಯಿತು. ಅವಳು ಸೆರಗು ತೆಗೆದು ರಿಸೀವರನ್ನು ಗಂಡನ ಕಡೆ ಚಾಚಿ ಹಿಡಿದಳು.

ಅದರೊಳಗಿಂದ ಆ ಹೆಣ್ಣಿನ ದನಿ ಮೂವರಿಗೂ ಕೇಳುತ್ತಿತ್ತು: "ಅವರ ತಪ್ಪಿಲ್ಲ ಅಂತ ಎರಡು ಸಾಲು ಬರೆದು ಕಳಿಸಿ, ಭಾಯಿ ಸಾಹೇಬ್. ಎರಡೇ ಸಾಲು."