ದಡದಲ್ಲಿ ಬಿಟ್ಟ ಹಾಯಿ

ಇಬ್ಬರು ಗ್ರೀಕ್ ದೊರೆಗಳು ಒಂದು ದ್ವೀಪಕ್ಕಾಗಿ ಕಡಲಿಗಿಳಿದಿದ್ದರು. ಕಾದಾಟದ ದಿನ ಹಡಗಿನ ಹಾಯಿಯನ್ನು ದಡದಲ್ಲೇ ಬಿಟ್ಟು, ಬರೀ ಹುಟ್ಟು ಹಾಕಿಕೊಂಡು ಹೋಗುವುದು ಅಲ್ಲಿಯ ರೂಢಿ. ಹಾಯಿ ಇಟ್ಟುಕೊಂಡವನು ಓಡಿಹೋಗುವವನೆಂದೇ ಲೆಕ್ಕ.

ಒಬ್ಬ ದೊರೆಯ ಕಡೆಯ ಹಡಗೊಂದರಲ್ಲಿ ಚುಕ್ಕಾಣಿ ಹಿಡಿದ ಮುದುಕ ಶತ್ರುವಿನ ಊರಿನವನು. ಹಡಗಿನ ನಾಯಕನಿಗೆ ಮೊದಲಿಂದಲೂ ಅವನ ಮೇಲೆ ಗುಮಾನಿ. ಈಗ ಅವನ ಕಾಲಡಿಯ ಹಲಗೆ ಎತ್ತಿ ನೋಡಿದರೆ, ಮಡಿಚಿಟ್ಟ ಹಾಯಿ!

"ನಮ್ಮನ್ನ ಅವರಿಗೆ ಮಾರ್ಬಿಟ್ಟೆಯೇನೋ?" ನಾಯಕ ಕತ್ತಿ ಹಿರಿದ.

"ಇಲ್ಲ ಒಡೆಯಾ."

"ಮತ್ತೆ ಇದ್ಯಾಕೆ ತಂದೆ? ದೊರೆಗೆ ಹೇಳಿ ನಿನ್ನ ತಲೆ ತೆಗೆಸ್ತೀನಿ!"

ಮುದುಕ ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ.

"ದಡದಲ್ಲಿ ಎಲ್ಲರ ಹಾಯಿನೂ ರಾಶಿ ಹಾಕಿದ್ರಲ್ಲ ಒಡೆಯಾ, ಅದರಲ್ಲಿ ನಮ್ಮ ದೊರೆಯ ಹಾಯಿ ಇರಲಿಲ್ಲ."