ಅಂಗೈಗೆ ಬರುವ ರಾಯಲ್ಟಿ

ಯಾರಾದರೂ ಹಾಡು ಕೇಳಿದರೆ ಅದನ್ನು ಕಟ್ಟಿದವರ ಅಂಗೈ ಜುಮ್ಮೆನ್ನುತ್ತದೆ. ಈಗ ರಾಯಲ್ಟಿ ಬರುವುದು ಹಾಗೆಯೇ. ಗಾಯಕಿ ವಾರಿಜಾಳಿಗೆ ಅದು ಒಂದೇ ಒಂದು ಹಳೆಯ ಹಾಡಿನಿಂದ, ದಿನಾ ಮುಂಜಾನೆ ರೊಟ್ಟಿ ಬಡಿಯುವ ಹೊತ್ತಿಗೆ ಬರುತ್ತಿತ್ತು. ಆ ಹಾಡನ್ನು ಅವಳ ಜೊತೆ ಕೂತು ಕಟ್ಟಿದವನು ತಬಲಾದ ಹುಸೇನಪ್ಪ. ಜಗಳವಾದಾಗ ಅವಳು ಅವನ ಹೆಸರು ತೆಗೆಸಿದ್ದಳು. ಅವನು ಮಾತು ಬಿಟ್ಟ, ಊರೂ ಬಿಟ್ಟ.

ಇವತ್ತು ಆ ಹೆಸರನ್ನು ಮರಳಿ ಸೇರಿಸಲು ಅವಳು ಧಾರವಾಡದ ಹಾಡು ನೋಂದಣಿ ಕಚೇರಿಗೆ ಬಂದಿದ್ದಳು.

"ಸೇರಸ್ತೀನ್ರೀ ಅಕ್ಕಾರ," ಎಂದ ಗುಮಾಸ್ತ, ಪರದೆ ನೋಡುತ್ತ. "ಆದ್ರ ಈ ಹಾಡು ಕೇಳಾವ್ರು ಈಗ ಒಬ್ಬರ ಅದಾರ. ನೀವು ಹೆಸರು ಹೇಳಿದ್ರಲ್ಲ, ಅದ ಹುಸೇನಪ್ಪ."

"ಅದಕ್ಕೇನೀಗ?"

"ಕಟ್ಟಿದವರು ತಮ್ಮ ಹಾಡು ತಾವ ಕೇಳಿದ್ರ ಲೆಕ್ಕಕ್ಕ ಬರಂಗಿಲ್ರೀ. ಹೆಸರು ಸೇರಿಸಿದ್ರ ನಾಳಿಂದ ನಿಮ್ಮ ಅಂಗೈ ಸುಮ್ಮನಾಗ್ತದ."

ವಾರಿಜಾ ಅಂಗೈ ನೋಡಿಕೊಂಡಳು. "ಮುಂದಿನ ವಾರ ಬರ್ತೀನಿ ತಗೋರಿ," ಎಂದು ಎದ್ದಳು.

ಮರುದಿನ ಮುಂಜಾನೆ ಅಂಗೈ ಜುಮ್ಮೆಂದಿತು. ಹಾಡು ಮುಗಿಯುವವರೆಗೂ ಅವಳು ಹಿಟ್ಟಿಗೆ ಕೈ ಹಚ್ಚಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.