ಎಡಗೈ ಎದುರಾಳಿ

“ಈ ದಾವಣಗೆರೆ ಹುಡುಗಿ ಬೇಡ ಮಾರಾಯ್ತಿ,” ಎನ್ನುತ್ತ ಕೋಚ್ ಶೇಷಪ್ಪ ಫೋನಿನಲ್ಲಿ ವಿಡಿಯೊ ಹಾಕಿ ಶ್ರಾವ್ಯಳ ಮುಂದೆ ಹಿಡಿದರು. ಶಿವಮೊಗ್ಗದ ಬಾಕ್ಸಿಂಗ್ ಪಂದ್ಯಕ್ಕೆ ಎದುರಾಳಿಯಾಗಿ ಇಬ್ಬರಲ್ಲಿ ಒಬ್ಬಳನ್ನು ಆರಿಸಿ ಇವತ್ತೇ ಹೇಳಬೇಕಿತ್ತು. “ಇವಳು ಎಡಚಿ. ಗುದ್ದು ಎಲ್ಲಿಂದ ಬಂತು ಅಂತಲೇ ಗೊತ್ತಾಗೂದಿಲ್ಲ. ಭದ್ರಾವತಿಯವಳಾದ್ರೆ ಸಲೀಸಾಗಿ ಗೆಲ್ತೀಯ.”

“ಭದ್ರಾವತಿಯವಳನ್ನ ಸೋಲಿಸಿದ್ರೆ ಸ್ಟೇಟ್ ಕ್ಯಾಂಪಿಗೆ ಕರೀತಾರಾ ಸರ್?”

“ಅದಿಲ್ಲ. ಆದ್ರೆ ಇವಳ ಕೈಲಿ ಸೋತ್ರೆ ಈ ವರ್ಷ ನಿನ್ನನ್ನ ಯಾರೂ ತಿರುಗಿ ನೋಡೂದಿಲ್ಲ.”

ಶ್ರಾವ್ಯ ವಿಡಿಯೊವನ್ನು ಇನ್ನೊಮ್ಮೆ ನೋಡಿದಳು. ಗುದ್ದುವ ಮುಂಚೆ ಆ ಹುಡುಗಿಯ ಎಡಭುಜ ತುಸು ಕೆಳಗಿಳಿಯುತ್ತಿತ್ತು. ಶ್ರಾವ್ಯಳಿಗೆ ಅದು ಚೆನ್ನಾಗಿ ಗುರುತಿದ್ದ ಭುಜ. ಅವಳ ಅಮ್ಮನೂ ಎಡಚಿಯೇ. ಊರು ಕಮ್ಮರಡಿಯಲ್ಲಿ ಎದುರುಬದುರು ಕೂತು ಅಡಿಕೆ ಸುಲಿಯುವಾಗ ಮಗಳು ತೂಕಡಿಸಿದರೆ ಅಮ್ಮ ಎಡಗೈಯಲ್ಲಿ ಒಂದು ಹಸಿ ಸಿಪ್ಪೆ ಎತ್ತಿ ಎಸೆಯುತ್ತಿದ್ದಳು. ಮೊದಮೊದಲು ಅದು ಹಣೆಗೇ ಬಡಿಯುತ್ತಿತ್ತು. ಬರಬರುತ್ತಾ, ಆ ಭುಜ ಇಳಿದದ್ದು ಅರೆಗಣ್ಣಿಗೆ ಬಿದ್ದರೂ ಸಾಕು, ತಲೆ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ಅವಳು ಫೋನ್ ಹಿಂದಿರುಗಿಸಿ ಗ್ಲೌಸ್ ಹಾಕಿಕೊಂಡಳು. “ಎಡಗೈಯಲ್ಲಿ ಒಂದು ಹೊಡೀರಿ ಸರ್. ಜೋರಾಗೇ ಹೊಡೀರಿ.”

ಶೇಷಪ್ಪ ಬಲಗೈ ಎತ್ತುವಂತೆ ಮಾಡಿ, ತಟ್ಟನೆ ಎಡಗೈ ಬೀಸಿದರು. ಕೈ ಅವಳ ಕಿವಿಯಾಚೆ ಬರಿಗಾಳಿಯಲ್ಲಿ ಹೋಯಿತು. ಅವರು ಸಾವರಿಸಿಕೊಂಡು ನೋಡಿದರೆ, ಶ್ರಾವ್ಯಳ ಗ್ಲೌಸು ಅವರ ಪಕ್ಕೆಗೆ ಮೆತ್ತಗೆ ಒತ್ತಿಕೊಂಡಿತ್ತು.

“ಅಮ್ಮ ಇದಕ್ಕಿಂತ ಬೇಗ ಎಸೀತಾಳೆ,” ಎಂದಳು ಶ್ರಾವ್ಯ. “ದಾವಣಗೆರೆಗೆ ಫೋನ್ ಮಾಡಿ ಸರ್.”